ಲ್ಯಾಬಿನ ಹುಳಕ್ಕೆ ರಸ್ತೆ ತಡೆ ಯಾಕೆ?

ಮಾನ್ಯ ಸಂಪಾದಕರೇ,

‘ಲ್ಯಾಬಿನಲ್ಲಿ ಹುಳ ಸಾಕಣೆ’ ಎಂದು ಮೊನ್ನೆ ನೀವು ಬರೆದದ್ದೇ ಬರೆದದ್ದು, ರೋಗ ಹರಡುತ್ತದೆ ಎಂದು ಹೆದರಿದವರು ರಸ್ತೆ ತಡೆದು ನಿನ್ನೆ ಬೆಳಿಗ್ಗೆ ನಮ್ಮ ನಾಕಾ ಬಂದ್. ರಿಕ್ಷಾದವ ಅರ್ಧ ದಾರಿಯಲ್ಲಿ ಇಳಿಸಿ ಪೂರ್ತಿ ಹಣ ತಗೊಂಡ. ಮಳೆಯಲ್ಲಿ ಗಟಾರದ ನೀರು ತುಳಿಯುತ್ತಾ ಮೆಟ್ರೋ ತನಕ ನಡೆದೆ. ಅಂಧೇರಿಯಲ್ಲಿ ಚರ್ಚ್‌ಗೇಟ್ ಫಾಸ್ಟ್ ಲೋಕಲ್ ರೈಲು ತಪ್ಪಿತು, ಆಫೀಸಿನಲ್ಲಿ ಅರ್ಧ ದಿನದ ರಜೆ ಹೋಯಿತು. ‘ಹುಳದಿಂದ ತಡವಾಯಿತು’ ಅಂದರೆ ಸಾಹೇಬರು ನಂಬುತ್ತಾರಾ?

ಬ್ಯಾನರಿನಲ್ಲಿ ಹುಳಕ್ಕೆ ನಾಗರಹಾವಿನ ಹೆಡೆ ಬಿಡಿಸಿದ್ದರು! ಲ್ಯಾಬಿನವರು ಸಾಕುವ ಈ ಶಿಸ್ಟೊಸೋಮ, ಅಂದರೆ ಮನುಷ್ಯರ ರಕ್ತನಾಳದಲ್ಲಿ ಬದುಕಿ ರೋಗ ತರುವ ಹುಳ, ಇರುವುದೇ ಒಂದು ಸೆಂಟಿಮೀಟರ್ ಆಸುಪಾಸು. ಅದು ಒಬ್ಬರಿಂದ ಒಬ್ಬರಿಗೆ ನೇರವಾಗಿ ಹತ್ತುವುದಿಲ್ಲ. ಮೊಟ್ಟೆ ಸಿಹಿನೀರಿಗೆ ಬೀಳಬೇಕು, ಮರಿ ತನಗೆ ಒಗ್ಗುವ ಬಸವನಹುಳದೊಳಗೆ ಬೆಳೆಯಬೇಕು, ಆಮೇಲೆ ನೀರಿಗಿಳಿದವರ ಚರ್ಮ ಕೊರೆದು ಒಳಗೆ ಹೋಗಬೇಕು. ಗಾಜಿನ ತಟ್ಟೆಯಿಂದ ಎದ್ದು, ಲಿಫ್ಟ್ ಹತ್ತಿ ನಮ್ಮ ಸೊಸೈಟಿಗೆ ಬರುವುದಿಲ್ಲ.

ಸಾಕುವುದು ಯಾಕೆ ಅಂದರೆ, ಮುಖ್ಯ ಕಾಟ ಹುಳದ್ದಲ್ಲ, ಲಿವರ್, ಕರುಳು, ಮೂತ್ರಕೋಶಗಳಲ್ಲಿ ಸಿಕ್ಕಿಕೊಳ್ಳುವ ಮೊಟ್ಟೆಯದ್ದು. ಹೆಣ್ಣು ಬಲಿತು ಮೊಟ್ಟೆ ಇಡಲು ಗಂಡಿನ ಮೈಯ ಮಡಿಕೆಯೊಳಗೇ ಇರಬೇಕು. ಲ್ಯಾಬಿನಲ್ಲಿ ಕೆಲವೇ ದಿನಗಳಲ್ಲಿ ಮೊಟ್ಟೆ ಇಡುವುದು ನಿಂತುಹೋಗುತ್ತಿತ್ತು. 2019ರಲ್ಲಿ ಅಮೆರಿಕದ ವಿಜ್ಞಾನಿಗಳು ವಿಟಮಿನ್ ಸಿ, ಕೆಂಪು ರಕ್ತಕಣ, ಕೊಲೆಸ್ಟರಾಲ್ ಸೇರಿಸಿದ ದ್ರವದಲ್ಲಿ ಅದನ್ನು ಮುಂದುವರಿಸಿ ತೋರಿಸಿದರು. ಯಾವ ಮದ್ದಿಗೆ ಮೊಟ್ಟೆ ನಿಲ್ಲುತ್ತದೆ ಎಂದು ಹೀಗೆ ನೋಡಬಹುದು. ಈಗ ಎಲ್ಲರೂ ನೆಚ್ಚಿಕೊಂಡಿರುವುದು ಪ್ರಾಜಿಕ್ವಾಂಟೆಲ್ ಎಂಬ ಮದ್ದೊಂದನ್ನೇ, ಅದು ಎಳೆ ಹುಳಕ್ಕೆ ಸರಿಯಾಗಿ ನಾಟುವುದೂ ಇಲ್ಲ. ‘ಆಫ್ರಿಕಾದ ರೋಗ ನಮಗ್ಯಾಕೆ’ ಎಂದು ಮೈಕಿನಲ್ಲಿ ಕೂಗಿದವರಿಗೆ ಒಂದು ಮಾತು: 1952ರಲ್ಲೇ ಇದು ನಮ್ಮ ಮಹಾರಾಷ್ಟ್ರದ್ದೇ ರತ್ನಾಗಿರಿ ಜಿಲ್ಲೆಯ ಗಿಮ್ವಿಯಲ್ಲಿ ಪತ್ತೆಯಾಗಿತ್ತು.

ಕೂಗಿ ದಣಿದವರು ಪಕ್ಕದ ಗಾಡಿಯಲ್ಲಿ ಮಿಸಳ್ ತಿಂದರು. ಪ್ಲೇಟುಗಳೆಲ್ಲ ಒಂದೇ ಬಕೆಟಿನಲ್ಲಿ ಮುಳುಗಿ ಎದ್ದು ಬರುತ್ತಿದ್ದವು, ನೀರಿನ ಮೇಲೆ ಕೆಂಪು ಎಣ್ಣೆ ತೇಲುತ್ತಿತ್ತು. ಹೊಟ್ಟೆಯ ಜಂತುಹುಳದ ಒಂದು ಹೆಣ್ಣು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ ಸ್ವಾಮಿ. ಅದಕ್ಕೆ ಬಂದ್ ಇಲ್ಲ.

ನಮ್ಮ ನಲ್ಲಿಯಲ್ಲಿ ಗಟಾರದ ವಾಸನೆ ಬರುತ್ತಿದೆ ಎಂದರೆ ಅಧಿಕಾರಿಗಳು ‘ಸ್ಯಾಂಪಲ್ ತನ್ನಿ’ ಅಂದರು. ಒಯ್ದರೆ ‘ಸಾಹೇಬರು ಸೈಟಿಗೆ ಹೋಗಿದ್ದಾರೆ’. ಬಾಟಲಿ ಅಲ್ಲೇ ಮೇಜಿನ ಮೇಲೆ ಪಾಚಿ ಕಟ್ಟಿದೆ. ಬಹುಶಃ ಅವರೂ ಸಂಶೋಧನೆ ಮಾಡುತ್ತಿರಬೇಕು.

ಲ್ಯಾಬಿನವರು ಒಂದು ಬೋರ್ಡಾದರೂ ಹಾಕಲಿ, ಇಲ್ಲ ನೀವಾದರೂ ಪೂರ್ತಿ ವಿಷಯ ಬರೆಯಿರಿ. ರಸ್ತೆಯನ್ನೂ ಬಿಡಿಸಿ, ನಲ್ಲಿಯನ್ನೂ ನೋಡಿ. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಸಂಬಂಧಪಟ್ಟವರು ಯಾರು ಅಂತಲೂ ಒಮ್ಮೆ ತಿಳಿಸಿಬಿಡಿ.

– ನಿಮ್ಮ ಹಳೆಯ ಓದುಗ, ಅಂಧೇರಿ ಪೂರ್ವ, ಮುಂಬಯಿ