ಆ ರಾತ್ರಿ ಜೊತೆಗೆ ಕೂತವರಿಗೆ

ಹ್ಯಾನ್‌ಫರ್ಡ್‌ನಲ್ಲಿ (ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಳೆಯ ಪ್ಲುಟೋನಿಯಂ ಸ್ಥಾವರ) ಸ್ವಚ್ಛಗೊಳಿಸಲು ನಮ್ಮ ಪಾಲಿಗೆ ಬಂದಿದ್ದ ತುಂಡು ನೆಲಕ್ಕೆ, ಶುದ್ಧವಾಗಿದೆ ಎಂಬ ಪ್ರಮಾಣಪತ್ರ ಕೊನೆಗೂ ಸಿಕ್ಕಿತು. ಕಲುಷಿತ ಮಣ್ಣು ಅಗೆದು ತೆಗೆದ ಗುಂಡಿ ಮುಚ್ಚಿದ್ದಾರೆ, ಮೇಲೆ ಸೇಜ್‌ಬ್ರಷ್ ಸಸಿ ನೆಡುತ್ತಿದ್ದಾರೆ. ಫೋನ್ ಮಾಡಿ "ಏನಾಯ್ತು?" ಎಂದು ವಿಚಾರಿಸುತ್ತಿದ್ದ ನಿಮಗೆಲ್ಲ ಕಥೆ ಗೊತ್ತೇ ಇದೆ.

ಯಂತ್ರ ಓಡಿಸಿದವರಿಗೆ, ಕೊಲಂಬಿಯಾ ನದಿ ಕಡೆಯ ಗಾಳಿಗೆ ಮೈಯೊಡ್ಡಿ ಮಣ್ಣು ತುಂಬಿದ ಹುಡುಗರಿಗೆ, ನಮ್ಮ ಮಣ್ಣಿನ ಮಾದರಿಯಲ್ಲೇ ಪಾಲು ತೆಗೆದು ಬೇರೆ ಲ್ಯಾಬಿನಲ್ಲಿ ತಾಳೆ ನೋಡಿದ ಅಧಿಕಾರಿಗಳಿಗೆ, ಎಷ್ಟು ಹೊತ್ತಿಗೆ ಬಂದರೂ ಸಾರು ಬಿಸಿ ಮಾಡಿಕೊಟ್ಟ ನನ್ನ ಹೆಂಡತಿಗೆ ನಮಸ್ಕಾರ.

ಉಳಿದ ಮಾತೆಲ್ಲ, ಲ್ಯಾಬಿನಲ್ಲಿ ಮಾದರಿಗಳ ವಿಕಿರಣ ಅಳೆಯುವ ಕೌಂಟಿಂಗ್ ಕೋಣೆಯ ಹಿರಿಯ ತಂತ್ರಜ್ಞೆಗೆ. ನಮ್ಮ ಮನೆಯಲ್ಲಿ ಅವರು 'ಅಕ್ಕ'.

ಬೆಳಗಾದರೆ ಗುಂಡಿ ಮುಚ್ಚುವ ಲಾರಿಗಳು ಬರಬೇಕಿತ್ತು. ಹಿಂದಿನ ಸಂಜೆ ಒಂದು ಮಾದರಿಯಲ್ಲಿ ಸ್ಟ್ರಾನ್ಷಿಯಂ-90 ಎಂಬ ವಿಕಿರಣಶೀಲ ವಸ್ತು ಮಿತಿ ಮೀರಿತು. ಲ್ಯಾಬಿನ ತಪ್ಪಿರಬೇಕು, ಬದಿಗಿಡಿ ಎಂಬ ಒತ್ತಡ ಬಂತು. ಸಹಿ ಹಾಕಬೇಕಾದವನು ನಾನು. ಪಾಳಿ ಮುಗಿದಿದ್ದರೂ ಅಕ್ಕ ಮನೆಗೆ ಹೋಗಲಿಲ್ಲ. ಮಾದರಿ ಕೈಯಿಂದ ಕೈಗೆ ದಾಟಿದ ಒಂದೊಂದು ದಾಖಲೆಯನ್ನೂ ಜೊತೆಗೆ ಕೂತು ಓದಿದರು. ಹೋಲಿಕೆಗೆಂದು ಜೊತೆಗೇ ಪರೀಕ್ಷಿಸುವ ಖಾಲಿ ಮಾದರಿ, 'ಬ್ಲ್ಯಾಂಕ್', ಶುದ್ಧವಾಗಿತ್ತು, ಅಂದರೆ ಲ್ಯಾಬಿನ ಕೊಳೆಯಲ್ಲ. ಅದೇ ಜಾಗದಿಂದ ತೆಗೆದ ಇನ್ನೊಂದು ಮಾದರಿ, 'ಡೂಪ್ಲಿಕೇಟ್', ಕೂಡ ಹೆಚ್ಚೇ ಇತ್ತು. ಇದ್ದದ್ದು ಮಣ್ಣಿನಲ್ಲೇ.

ನಸುಕಿನಲ್ಲಿ ಅಕ್ಕ ತಮ್ಮ ತಾಯಿಯ ಮಾತು ತೆಗೆದರು. 1944ರ ಕೊನೆಯಿಂದ ಇಲ್ಲಿ ಪ್ಲುಟೋನಿಯಂ ಬೇರ್ಪಡಿಸುವಾಗ ಚಿಮಣಿಗಳಿಂದ ವಿಕಿರಣಶೀಲ ಅಯೋಡಿನ್-131 ಹೊರಬೀಳುತ್ತಿತ್ತು. ಅದು ಹುಲ್ಲಿಗೆ, ಹಸುವಿಗೆ, ಹಾಲಿಗೆ, ಮಕ್ಕಳ ಥೈರಾಯ್ಡಿಗೆ ಸೇರುವಂಥದ್ದು. ಆ ತಾಯಿ ಆಗ ಗಾಳಿ ಬೀಸುವ ದಿಕ್ಕಿನ ತೋಟದ ಮನೆಯ ಪುಟ್ಟ ಹುಡುಗಿ. ಹೀಗೆ ಹೊರಬಿದ್ದದ್ದರ ಕಡತಗಳು ಜನರ ಕೈಗೆ ಬಂದದ್ದು 1986ರಲ್ಲಿ. ಅವರ ಥೈರಾಯ್ಡ್ ಕಾಯಿಲೆ ಅದರಿಂದಲೇ ಬಂತೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ.

"ಅಮ್ಮನಿಗೆ ಯಾರೂ ಅಳೆದು ಹೇಳಲಿಲ್ಲ. ನಾವು ಅಳೆದಿದ್ದೇವೆ" ಎಂದರು ಅಕ್ಕ. ನನಗೆ ಅಳು ತಡೆಯಲಾಗಲಿಲ್ಲ. ಕಾಫಿ ತಂದಿಟ್ಟು ಸುಮ್ಮನೆ ಕೂತರು. ಆಮೇಲೆ ಲಾರಿ ನಿಲ್ಲಿಸುವ ಪತ್ರವನ್ನು ಇಬ್ಬರೂ ಸೇರಿ ಬರೆದೆವು.

ಮತ್ತೆ ಅಗೆದೆವು, ಮತ್ತೆ ಮಾದರಿ ತೆಗೆದೆವು. ಅಳತೆ ಖಚಿತವಾಗಲು, ಮಾದರಿಯಿಂದ ಬೇರ್ಪಡಿಸಿದ ಸ್ಟ್ರಾನ್ಷಿಯಂ ಕ್ಷಯಿಸಿ ಯಿಟ್ರಿಯಂ-90 ಎಂಬ ಇನ್ನೊಂದು ವಿಕಿರಣಶೀಲ ವಸ್ತು ಹುಟ್ಟಿ ಅದರ ಸಮಕ್ಕೆ ಬರಲು ಸುಮಾರು ಎರಡು ವಾರ ಬೇಕು, ಯಾರು ಅವಸರಪಡಿಸಿದರೂ ಅಷ್ಟೇ. ಆ ದಿನಗಳಲ್ಲಿ ನನ್ನ ಮೇಜಿಗೆ ಬಂದ ಒಂದೊಂದು ಪ್ರಶ್ನೆಗೂ ಬೇಕಾದ ಕಾಗದವನ್ನು ಅಕ್ಕ ಮೊದಲೇ ತೆಗೆದಿಟ್ಟಿರುತ್ತಿದ್ದರು.

ಈ ತಿಂಗಳು ಅವರು ನಿವೃತ್ತರಾಗುತ್ತಾರೆ. ಹೊಸದಾಗಿ ಸೇರುವವರಿಗೆ ಮೊದಲು ಓದಲು ಆ ರಾತ್ರಿಯ ಫೈಲನ್ನೇ ಕೊಡುವವನಿದ್ದೇನೆ. ಅಕ್ಕ ಒಪ್ಪಿದ್ದಾರೆ.