ಮಗುವನ್ನು ಕಳಿಸುವ ಮನೆಗೆ ಇಂಥ ‘ಕ್ಲಿಯರ್’ ವರದಿ ಸಾಲದು

ಇವರಿಗೆ,
ವ್ಯವಸ್ಥಾಪಕರು, ಹಿನ್ನೆಲೆ ಪರಿಶೀಲನಾ ವಿಭಾಗ

ವಿಷಯ: ಫಾಸ್ಟರ್ ಕೇರ್ ಅರ್ಜಿದಾರ ಕುಟುಂಬದ ಅಪರಾಧ ಹಿನ್ನೆಲೆ ವರದಿಯಲ್ಲಿ ಲೋಪ

ಮಾನ್ಯರೇ,

ಮಗುವನ್ನು ಪೋಷಕತ್ವಕ್ಕೆ (ಫಾಸ್ಟರ್ ಕೇರ್, ಅಂದರೆ ದತ್ತು ಪಡೆಯದೆ ಮನೆಯಲ್ಲಿಟ್ಟು ಸಾಕುವುದಕ್ಕೆ) ಪಡೆಯಲು ಮುಂದೆ ಬರುವ ಕುಟುಂಬಗಳಿಗೆ ಅರ್ಜಿ, ದಾಖಲೆಗಳ ವಿಷಯದಲ್ಲಿ ನೆರವಾಗುವ ಸಣ್ಣ ಟ್ರಸ್ಟ್ ನಮ್ಮದು. ಇರುವುದು ಮಂಗಳೂರಿನಲ್ಲಿ. ಮನೆ ಅಧ್ಯಯನ, ಅಂದರೆ ಮನೆಗೆ ಹೋಗಿ ಕುಟುಂಬದ ಸ್ಥಿತಿಗತಿ ನೋಡುವ ಕೆಲಸ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು, ಕೊನೆಯ ಆದೇಶ ಮಕ್ಕಳ ಕಲ್ಯಾಣ ಸಮಿತಿಯದು. ಪೊಲೀಸ್ ಪರಿಶೀಲನೆಯೂ ಇದೆ. ಆದರೂ ಒಂದು ಕುಟುಂಬದ ಅರ್ಜಿ ಮುಂದೆ ಹೋಗುವ ಮೊದಲೇ ಅವರ ಅಪರಾಧ ಹಿನ್ನೆಲೆಯನ್ನು ಒಮ್ಮೆ ನೋಡಿಸೋಣ ಎಂದು ನಿಮಗೆ ಹಣ ಕಟ್ಟಿದೆವು. ಬಂದ ವರದಿಯಲ್ಲಿ ಎಲ್ಲ ಸಾಲಿನ ಮುಂದೆಯೂ ಹಸಿರು ಟಿಕ್ ಇತ್ತು.

ಅದರಲ್ಲಿ ಒಂದು ಸಾಲು ನನ್ನನ್ನು ತುಂಬಾ ಕಾಡುತ್ತಿದೆ. ‘ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ: ಪರಿಶೀಲಿಸಲಾಗಿದೆ, ಹೆಸರಿಲ್ಲ’ ಎಂದು ಬರೆದಿದ್ದೀರಿ. ಆ ಪಟ್ಟಿಯನ್ನು ಕೇಂದ್ರ ಗೃಹ ಸಚಿವಾಲಯ 2018ರಲ್ಲಿ ಶುರು ಮಾಡಿತು. ಅದನ್ನು ನಿರ್ವಹಿಸುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ನೋಡುವ ಅವಕಾಶ ಪೊಲೀಸರಂಥ ಕಾನೂನು ಜಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಂಪನಿಯಾದ ನೀವು ಅದನ್ನು ನೋಡಿದ್ದು ಹೇಗೆ? ನೋಡದೇ ಟಿಕ್ ಹಾಕಿದ್ದರೆ ಅದು ಸುಳ್ಳು, ಅಲ್ವಾ?

ಅಮೆರಿಕದಲ್ಲಿ ಅಂಥ ಪಟ್ಟಿಗಳನ್ನು ಯಾರು ಬೇಕಾದರೂ ನೋಡಬಹುದು. ನಿಮ್ಮ ನಮೂನೆ ಅಲ್ಲಿಂದಲೇ ಬಂದಂತಿದೆ. ಹಾಗಿದ್ದರೆ ಅಲ್ಲಿನ ಕಟ್ಟುನಿಟ್ಟನ್ನೂ ತರಬೇಕಿತ್ತು. 2006ರ ಆಡಮ್ ವಾಲ್ಷ್ ಕಾಯ್ದೆಯಂತೆ ಅಲ್ಲಿ ಫಾಸ್ಟರ್ ಪೋಷಕರಾಗುವವರ ಬೆರಳಚ್ಚನ್ನು ರಾಷ್ಟ್ರೀಯ ಅಪರಾಧ ದಾಖಲೆಗಳಲ್ಲಿ ಹುಡುಕುತ್ತಾರೆ.  ಅವರೂ ಮನೆಯಲ್ಲಿರುವ ಬೇರೆ ವಯಸ್ಕರೂ ಹಿಂದಿನ 5 ವರ್ಷ ಯಾವ ಯಾವ ರಾಜ್ಯದಲ್ಲಿದ್ದರೋ ಅಲ್ಲೆಲ್ಲ ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ನೋಡುತ್ತಾರೆ.

ನೀವು ಮಾಡಿದ್ದೇನು? ಗಂಡ ಹೆಂಡತಿ ಇಬ್ಬರದನ್ನು ಮಾತ್ರ ನೋಡಿದ್ದೀರಿ. ಅದೇ ಮನೆಯಲ್ಲಿರುವ ಹೆಂಡತಿಯ ಅಣ್ಣನ ಹೆಸರನ್ನೂ ನಾವು ಕೊಟ್ಟಿದ್ದೆವು, ಅವರ ಲೆಕ್ಕದ ಹಣವನ್ನೂ ನೀವು ತೆಗೆದುಕೊಂಡಿದ್ದೀರಿ. ವರದಿಯಲ್ಲಿ ಅವರ ಸುದ್ದಿಯೇ ಇಲ್ಲ.

ಗಂಡ ಮುಂಬೈನ ಹೋಟೆಲಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಕರಾವಳಿಯಲ್ಲಿ ಇದು ಮನೆ ಮನೆಯ ಕತೆ. ಅಂಧೇರಿಯ ವಿಳಾಸವನ್ನು ಅರ್ಜಿಯಲ್ಲೇ ಬರೆದಿದ್ದೆವು. ನೀವು ಲಗತ್ತಿಸಿದ ಪುಟದಲ್ಲಿರುವುದು ಮಂಗಳೂರು ಕೋರ್ಟಿನ ಹುಡುಕಾಟ ಮಾತ್ರ. ಕೋರ್ಟುಗಳ ಪ್ರಕರಣ ನೋಡುವ ಸರ್ಕಾರಿ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಹುಡುಕಲು ಜಿಲ್ಲೆ, ಕೋರ್ಟ್ ಸಂಕೀರ್ಣ, ವರ್ಷ ಎಲ್ಲವನ್ನೂ ಆರಿಸಬೇಕು. ಮಂಗಳೂರನ್ನು ಆರಿಸಿದರೆ ಮುಂಬೈನ ಪ್ರಕರಣ ಕಾಣುವುದಿಲ್ಲ. ಇನ್ನು ಶೆಟ್ಟಿ, ಪೂಜಾರಿ, ಡಿಸೋಜ ಎಂದು ಸುಮ್ನೆ ಹೆಸರು ಹಾಕಿದರೆ ಬೇರೆಯವರ ಕೇಸು ಇವರ ತಲೆಗೆ ಬರಬಹುದು, ಇವರದು ತಪ್ಪಿಯೂ ಹೋಗಬಹುದು. ತಂದೆಯ ಹೆಸರು, ವಯಸ್ಸು ಹೋಲಿಸಿದ ಗುರುತು ಎಲ್ಲೂ ಇಲ್ಲ.

ಆನ್‌ಲೈನ್ ಎಫ್‌ಐಆರ್ ನೋಡಿದ್ದೇವೆ ಎಂದೂ ಬರೆದಿದ್ದೀರಿ. ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದಾಗಲೇ ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಟ್ಟಿದೆ. ನಮಗೆ ಎಲ್ಲಕ್ಕಿಂತ ಮೊದಲು ಗೊತ್ತಾಗಬೇಕಾದ ಪ್ರಕರಣಗಳು ಅಲ್ಲಿ ಇರುವುದೇ ಇಲ್ಲ. ಇದನ್ನು ವರದಿಯಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಆ ಕುಟುಂಬದ ಮೇಲೆ ನನಗೆ ಅನುಮಾನವಿಲ್ಲ. ಒಳ್ಳೆಯ ಜನ. ಸರಿಯಾದ ಪರಿಶೀಲನೆ ಅವರಿಗೂ ಸಿಗಬೇಕಾದದ್ದೇ. ಆದರೆ ಈ ಮನೆಗೆ ಬರುವ ಮಗು ಈಗಾಗಲೇ ದೊಡ್ಡವರ ಕೈಯಲ್ಲಿ ನೊಂದು ಬಂದಿರಬಹುದು. ಅದಕ್ಕೆ ಮನೆ ಆರಿಸುವ ಶಕ್ತಿ ಇಲ್ಲ. ಅದರ ಪರವಾಗಿ ನಾವು ನೋಡಬೇಕು, ಆ ಕೆಲಸಕ್ಕೇ ನಿಮಗೆ ಹಣ ಕೊಟ್ಟದ್ದು.

ಈ ವರದಿಯನ್ನು ಲಿಖಿತವಾಗಿ ಹಿಂಪಡೆಯಿರಿ. ಮೂವರ ಪರಿಶೀಲನೆಯನ್ನೂ ಹೊಸ ಶುಲ್ಕವಿಲ್ಲದೆ, ಮುಂಬೈನ ಕೋರ್ಟುಗಳನ್ನೂ ಸೇರಿಸಿ ಮತ್ತೆ ಮಾಡಿ. ಏನು ನೋಡಿದಿರಿ, ಏನು ನೋಡಲು ಆಗಲಿಲ್ಲ ಎಂದು ಬಿಡಿಸಿ ಬರೆಯಿರಿ. ರಾಷ್ಟ್ರೀಯ ಪಟ್ಟಿಯ ಸಾಲನ್ನು ನಿಮ್ಮ ನಮೂನೆಯಿಂದಲೇ ತೆಗೆಯಿರಿ, ಅದಕ್ಕೆ ಪಡೆದ ಹಣ ಮರಳಿಸಿ. ಇದೇ ಟಿಕ್ ಇರುವ ವರದಿ ಬೇರೆ ಸಂಸ್ಥೆಗಳಿಗೂ ಹೋಗಿದ್ದರೆ ಅವರಿಗೂ ತಿಳಿಸಿ.

15 ದಿನದೊಳಗೆ ಉತ್ತರ ಬರದಿದ್ದರೆ ಈ ಪತ್ರದ ಪ್ರತಿಯನ್ನು ನಿಮ್ಮ ವರದಿಯ ಸಮೇತ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಕೊಡುತ್ತೇನೆ.

ಇಂತಿ,
ಸಂಚಾಲಕಿ
ಮಂಗಳೂರು