ಬಿ.ಎಚ್. ರಸ್ತೆಯಲ್ಲಿ ಮಳಿಗೆ ಕಟ್ಟಲಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಕಡೂರಿನ ಬಿ.ಎಚ್. ರಸ್ತೆಯ ಜಾಗದಲ್ಲಿ ಕೆಳಗೆ ಮೂರು ಮಳಿಗೆ, ಮೇಲೊಂದು ಮನೆ ಅಂತ ಬರೆದಿದ್ದೀಯ. ಎಂಜಿನಿಯರ್ ಹತ್ತಿರ ಹೋಗುವ ಮೊದಲು ಏನು ನೋಡಿಕೊಳ್ಳಲಿ ಅಂತ ಕೇಳಿದ್ದೀಯ. ಮನೆಯ ವಿಷಯ ಆಮೇಲೆ ನೋಡೋಣ. ರಸ್ತೆಗೂ ನಿನ್ನ ಶೆಟರ್‌ಗೂ ನಡುವೆ ಇರುವ ಆರೇಳು ಅಡಿ ಜಾಗವನ್ನು ಮೊದಲು ತೀರ್ಮಾನ ಮಾಡು. ತಿಪಟೂರಿನಿಂದ ತರೀಕೆರೆವರೆಗೆ ಈ ಬೆಂಗಳೂರು–ಹೊನ್ನಾವರ ರಸ್ತೆ ಹಾಯುವ ಪೇಟೆಗಳಲ್ಲಿ ಹಳೇ ಅಂಗಡಿಗೆ ಮಳೆನೀರು ನುಗ್ಗಿದರೆ, ತಪ್ಪು ಹೆಚ್ಚಾಗಿ ಸಿಗುವುದು ಆ ಆರೇಳು ಅಡಿಯಲ್ಲೇ.

ಮೊದಲು ಕಾಗದ. ನಿನ್ನ ಜಾಗ ಪುರಸಭೆ ವ್ಯಾಪ್ತಿಯದು, ಹಾಗಾಗಿ ಬೇಕಾಗುವುದು ಪುರಸಭೆಯ ಇ-ಖಾತೆ. ಪಂಚಾಯಿತಿ ಕಾಲದ ನಮೂನೆ 9, 11 ಇಟ್ಟುಕೊಂಡು ಕೂತರೆ ಕೆಲಸ ಆಗುವುದಿಲ್ಲ. ಖಾತೆಯ ಅಳತೆ, ಕ್ರಯಪತ್ರದ ಚಕ್ಕುಬಂದಿ, ನೆಲದ ಮೇಲಿನ ಟೇಪು ಮೂರೂ ಒಂದೇ ಹೇಳುತ್ತವೆಯಾ ನೋಡು. ಹಳೇ ಪೇಟೆ ಜಾಗಗಳಲ್ಲಿ ಒಂದಡಿ, ಒಂದೂವರೆ ಅಡಿ ವ್ಯತ್ಯಾಸ ಬರುವುದುಂಟು. ಅದು ಪಾಯ ತೋಡಿದ ಮೇಲೆ ಗೊತ್ತಾದರೆ ಪಕ್ಕದವರೊಂದಿಗೆ ಮಾತೇ ನಿಂತುಹೋಗುತ್ತದೆ. ಆಮೇಲೆ, ಮುಂದಿನ ರಸ್ತೆ ಪುರಸಭೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿಯವರದೋ ಅಂತ ಕೇಳಿ ತಿಳಿದುಕೋ. ಎಷ್ಟು ಅಡಿ ಬಿಡಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಆ ಅಂತರವನ್ನು ಬರವಣಿಗೆಯಲ್ಲೇ ತೆಗೆದುಕೋ, ಬಾಯಿಮಾತಿಗೆ ಪಾಯ ಹಾಕಬೇಡ. ಪರವಾನಗಿ ನಕ್ಷೆಯಲ್ಲಿ ಇರುವ ಹಾಗೆಯೇ ಕಟ್ಟು. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ಕಾಯಂ ವಿದ್ಯುತ್ ಸಂಪರ್ಕ ಸಿಗುವುದು ಕಷ್ಟವಾಗಿದೆ. ಮೂರು ಮಳಿಗೆಗೂ ಮನೆಗೂ ಬೇರೆಬೇರೆ ಮೀಟರ್ ಬೇಕು, ಮಳಿಗೆಯದು ವಾಣಿಜ್ಯ ದರ. (ತಿಪಟೂರಲ್ಲಿ ಬೆಸ್ಕಾಂ, ಅರಸೀಕೆರೆಯಲ್ಲಿ ಸೆಸ್ಕ್, ನಿನ್ನ ಕಡೂರಲ್ಲಿ ಮೆಸ್ಕಾಂ. ಒಂದೇ ರಸ್ತೆಗೆ ಮೂರು ಕಂಪನಿ ಇರುವುದರಿಂದ ಅರಸೀಕೆರೆಯವರ ಅರ್ಜಿ ನೋಡಿ ನಿನ್ನದನ್ನು ತುಂಬಿಸಬೇಡ.)

ಈಗ ಮಟ್ಟದ ವಿಷಯ. ಮಟ್ಟ ನೋಡಲು ನೀರು ತುಂಬಿದ ಲೆವೆಲ್ ಪೈಪು ಹಿಡಿದಾಗ ರಸ್ತೆಯ ಅಂಚಿಗೆ ಹಿಡಿಯಬೇಡ, ನಡುಮಧ್ಯದ ಉಬ್ಬಿಗೆ ಹಿಡಿ. ಡಾಂಬರು ಒಂದು ಸಲ ಹಾಕಿದರೆ ಒಂದರಿಂದ ಮೂರು ಇಂಚು ಏರುತ್ತದೆ. ಹಳೆಯದನ್ನು ಕೀಳದೆ ಕಾಂಕ್ರೀಟ್ ರಸ್ತೆ ಮಾಡಿದರೆ ಏಳೆಂಟು ಇಂಚು ಒಂದೇ ಸಲಕ್ಕೆ. ಅಂಗಡಿಯ ನೆಲ ಆ ಉಬ್ಬಿಗಿಂತ ಹದಿನೆಂಟು ಇಂಚು ಮೇಲಿರಲಿ. ಮೂರಡಿ ಎತ್ತರಿಸಿದರೆ ಇನ್ನೂ ಒಳ್ಳೆಯದಲ್ಲವಾ ಅನ್ನುತ್ತೀಯ. ಬೇಡ. ಪೇಟೆಯಲ್ಲಿ ಮೆಟ್ಟಿಲು ಹೆಚ್ಚಾದಷ್ಟೂ ಗಿರಾಕಿ ಕಡಿಮೆ, ವಯಸ್ಸಾದವರು ಕೆಳಗೇ ನಿಂತು ಕೂಗುತ್ತಾರೆ.

ಹದಿನೆಂಟು ಇಂಚಿಗೆ ಆರಾರು ಇಂಚಿನ ಮೂರು ಮೆಟ್ಟಿಲು ಸಾಕು. ಇಳಿಜಾರೂ ಬೇಕೇ ಬೇಕು, ಗಾಲಿಕುರ್ಚಿಗೂ, ಮೂಟೆ ತಳ್ಳುವ ಕೈಗಾಡಿಗೂ. ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ಹದಿನೆಂಟು ಅಡಿ ಬೇಕಾಗುತ್ತದೆ. ನೇರ ರಸ್ತೆಗೆ ಇಳಿಸಿದರೆ ಅದು ಚರಂಡಿ ದಾಟಿ ಡಾಂಬರಿನ ಮೇಲೆ ಬಂದು ನಿಲ್ಲುತ್ತದೆ, ಎಲ್ಲರೂ ಮಾಡುವುದೂ ಅದನ್ನೇ. ನಿನ್ನದು ಮೂವತ್ತು ಅಡಿ ಅಗಲದ ಜಾಗ. ಶೆಟರ್‌ಗೆ ಅಂಟಿಕೊಂಡು ಮೂರಡಿ ಜಗಲಿ ಬಿಡು. ಅದರ ಹೊರಗೆ, ರಸ್ತೆಗೆ ಸಮಾನಾಂತರವಾಗಿ, ಮೂರೂವರೆ ಅಡಿ ಅಗಲದ ಇಳಿಜಾರನ್ನು ಒಂದು ತುದಿಯಿಂದ ಹದಿನೆಂಟು ಅಡಿ ಎಳೆ. ಉಳಿದ ಹನ್ನೆರಡು ಅಡಿಯಲ್ಲಿ ಮೆಟ್ಟಿಲು ಬರಲಿ. ಎಲ್ಲವೂ ನಿನ್ನ ಗಡಿಯೊಳಗೇ ಮುಗಿಯುತ್ತದೆ.

ಚರಂಡಿಯ ಮೇಲೆ ಒಂದೇ ಹಾಸಾಗಿ ಕಾಂಕ್ರೀಟ್ ಸುರಿದು ಮುಚ್ಚಬೇಡ. ಇದನ್ನು ಬೇಡಿಕೊಂಡು ಹೇಳುತ್ತೇನೆ. ಒಳಗೆ ಹೂಳು, ಪ್ಲಾಸ್ಟಿಕ್ಕು, ಟೀ ಲೋಟ ಸೇರುತ್ತವೆ, ಪೌರಕಾರ್ಮಿಕರ ಸಲಿಕೆಗೆ ಜಾಗ ಇರುವುದಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ನೀರು ಮೇಲ್ಗಡೆಯ ಅಂಗಡಿಯವನ ಬಾಗಿಲಿಗೆ ಉಕ್ಕುತ್ತದೆ. ನೀನು ಮುಚ್ಚಿದ್ದಕ್ಕೆ ಅವನ ಅಕ್ಕಿ ಮೂಟೆ ನೆನೆಯುತ್ತದೆ. ಆ ಕತ್ತಲೆಯೊಳಗೆ ಮನುಷ್ಯರನ್ನು ನುಗ್ಗಿಸುವುದಂತೂ ಯಾವ ಕಾರಣಕ್ಕೂ ಸಲ್ಲದು. ಪುರಸಭೆಯನ್ನು ಕೇಳಿ, ಬಿಡಿ ಚಪ್ಪಡಿ ಹಾಕಿಸು: ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕಿಂಚು ದಪ್ಪ, ಒಳಗೆ 10 ಎಂಎಂ ಕಂಬಿ, ಎರಡು ಕಡೆ ಎತ್ತುವ ಕೊಕ್ಕೆ. ಒಂದೊಂದು ಸುಮಾರು ನೂರು ಕೆಜಿ ತೂಗುತ್ತದೆ, ನಾಲ್ವರು ಸೇರಿದರೆ ಏಳುತ್ತದೆ. ಮೇಲೆ ಟೈಲ್ಸ್ ಅಂಟಿಸಬೇಡ, ಅಂಟಿಸಿದರೆ ಎತ್ತುವವರಿಲ್ಲ.

ಶೌಚದ ಪೈಪನ್ನು ಆ ಚರಂಡಿಗೆ ಬಿಡುವ ಯೋಚನೆಯೇ ಬೇಡ. ಹತ್ತು ಮಂದಿ ಬಳಕೆಗೆ ಸುಮಾರು ಏಳಡಿ ಉದ್ದ, ಮೂರಡಿ ಅಗಲ, ನೀರಿನ ಆಳ ನಾಲ್ಕೂವರೆ ಅಡಿಯ ಸೆಪ್ಟಿಕ್ ಟ್ಯಾಂಕ್ ಕಟ್ಟಿಸು. ಮಳಿಗೆಯವರೂ ಬಳಸುವುದರಿಂದ ಎಷ್ಟು ಮಂದಿ ಆಗುತ್ತಾರೆ ಎಣಿಸಿ ಹಿಗ್ಗಿಸು. ಹೀರುವ ಲಾರಿಯ ಪೈಪು ತಲುಪುವ ಕಡೆ ಮುಚ್ಚಳ ಇರಲಿ. ಇಂಗುಗುಂಡಿ ಯಾರದೇ ಬೋರ್‌ವೆಲ್‌ನಿಂದಾಗಲಿ ಅರವತ್ತಡಿ ದೂರ ಇರಬೇಕು. ಹಾಗೆ ಜಾಗ ಸಿಗದಿದ್ದರೆ ಎಂಜಿನಿಯರ್ ಜೊತೆ ಕೂತು ಬೇರೆ ದಾರಿ ನೋಡು.

ಎಡಗಡೆಯ ಹಳೇ ಮನೆ ಮಣ್ಣಿನ ಗೋಡೆಯದು ಅಂದಿದ್ದೀಯ. ಆ ಕಡೆಯ ಕಾಲಂ ಗುಂಡಿಗಳನ್ನು ಒಂದೇ ದಿನ ಉದ್ದಕ್ಕೆ ಜೆಸಿಬಿಯಲ್ಲಿ ಬಗೆಯಬೇಡ. ಒಂದು ಬಿಟ್ಟು ಒಂದು ತೋಡು, ಫುಟಿಂಗ್ (ಕಾಲಂ ಬುಡದ ಅಗಲ ಕಾಂಕ್ರೀಟ್ ಪಾದ) ಹಾಕಿ ಮಣ್ಣು ತುಂಬಿದ ಮೇಲೆ ಉಳಿದವನ್ನು ತೋಡು. ಮಳೆಗಾಲದಲ್ಲಿ ಈ ಕೆಲಸ ಹಚ್ಚಿಕೊಳ್ಳಲೇಬೇಡ. ಗಡಿಯಲ್ಲಿ ಫುಟಿಂಗ್ ಆಚೆ ಚಾಚಲು ಆಗದ ಕಾರಣ ಕಾಲಂ ಅದರ ಅಂಚಿಗೆ ಬರುತ್ತದೆ, ಭಾರ ಒಂದೇ ಕಡೆ ಬಿದ್ದು ಫುಟಿಂಗ್ ವಾಲುತ್ತದೆ. ಒಳಗಿನ ಕಾಲಂಗೆ ಸ್ಟ್ರ್ಯಾಪ್ ಬೀಮ್ ಕೊಟ್ಟು ಕಟ್ಟಬೇಕು. ನಕ್ಷೆಯಲ್ಲಿ ಅದು ಇಲ್ಲದಿದ್ದರೆ ಏಕಿಲ್ಲ ಅಂತ ಎಂಜಿನಿಯರ್‌ನ ಕೇಳು. ಮಳಿಗೆಗಳ ನಡುವಿನ ಗೋಡೆ ಭಾರ ಹೊರದಿರಲಿ, ನಾಳೆ ಎರಡು ಮಳಿಗೆ ಒಂದು ಮಾಡಬೇಕಾದರೆ ತೆಗೆಯಬಹುದು. ಔಷಧದಂಗಡಿ ಬರಬೇಕಾದರೆ ಕನಿಷ್ಠ 10 ಚದರ ಮೀಟರ್ ಒಳ ಅಳತೆ ಬೇಕು, ಹತ್ತಡಿ ಅಗಲಕ್ಕೆ ಹನ್ನೊಂದಡಿ ಉದ್ದ ಇದ್ದರೆ ಆಯಿತು. ಶೆಟರ್ ಸುತ್ತಿಕೊಳ್ಳಲು ಬೀಮಿನ ಕೆಳಗೆ ಒಂದೂವರೆ ಅಡಿ ಹೋಗುತ್ತದೆ. ಅದನ್ನು ಮರೆತು ಹತ್ತಡಿ ಎತ್ತರ ಇಟ್ಟರೆ ಬಾಗಿಲು ಗಿಡ್ಡವಾಗಿ ಕಾಣುತ್ತದೆ, ಹನ್ನೊಂದೂವರೆ ಇಡು.

ಸಾಮಾನು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ತೆಗೆದುಕೋ. ಬೆಂಗಳೂರಿನಿಂದ ತರಿಸಿದರೆ ದರದಲ್ಲಿ ಉಳಿದದ್ದು ಬಾಡಿಗೆಗೆ ಹೋಗುತ್ತದೆ. ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕುವ ದಿನ ಮಧ್ಯಾಹ್ನ ಎರಡು ಮೂಟೆ ಕಡಿಮೆ ಬಿದ್ದರೆ ಕಳಿಸುವವನು ಊರಿನವನೇ. ನಂಬಿಕೆ ಇರಲಿ, ಎಣಿಕೆಯೂ ಇರಲಿ. 12 ಮೀಟರ್ ಉದ್ದದ 8 ಎಂಎಂ ಕಂಬಿ 4.74 ಕೆಜಿ, 10 ಎಂಎಂ 7.4, 12 ಎಂಎಂ 10.65, 16 ಎಂಎಂ 18.96. ಕಂಬಿ ಎಣಿಸಿ ಗುಣಿಸಿ ತೂಕದ ಚೀಟಿಗೆ ತಾಳೆ ನೋಡು. ಎಂ ಸ್ಯಾಂಡ್, ಜಲ್ಲಿಯನ್ನು ಲೋಡಿನ ಲೆಕ್ಕದಲ್ಲಿ ಕೊಳ್ಳಬೇಡ. ಟ್ರ್ಯಾಕ್ಟರ್ ತೊಟ್ಟಿಯ ಉದ್ದ, ಅಗಲ, ಎತ್ತರ ಅಳೆದು ನೂರು ಘನ ಅಡಿಗೆ ಒಂದು ಯೂನಿಟ್ ಅಂತ ಮಾತಾಡು.

ಮೂವತ್ತಡಿ–ಇಪ್ಪತ್ತಡಿಯ, ಐದಿಂಚು ದಪ್ಪದ ಮೋಲ್ಡ್‌ಗೆ ಬೀಮ್ ಸೇರಿಸಿ ಮುನ್ನೂರು ಘನ ಅಡಿ ಕಾಂಕ್ರೀಟ್ ಹಿಡಿದರೆ, ಒಂದು–ಒಂದೂವರೆ–ಮೂರರ (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣಕ್ಕೆ 68 ಮೂಟೆ ಸಿಮೆಂಟ್, ಒಂದೂಕಾಲು ಯೂನಿಟ್ ಎಂ ಸ್ಯಾಂಡ್, ಎರಡೂವರೆ ಯೂನಿಟ್ ಜಲ್ಲಿ ಬೇಕು. ಆ ದಿನ ನೀನು ಮೇಲೆ ನಿಲ್ಲಬೇಡ, ಕೆಳಗೆ ಮಿಕ್ಸರ್ ಹತ್ತಿರ ಬಕೆಟ್ ಹಿಡಿದವನ ಪಕ್ಕ ನಿಲ್ಲು. ಒಂದು ಮೂಟೆಗೆ ನೀರು 25ರಿಂದ 27 ಲೀಟರ್, ಮರಳು ಹಸಿಯಾಗಿದ್ದರೆ ಇನ್ನೂ ಕಡಿಮೆ. ಬಿಸಿಲೇರಿದ ಹಾಗೆ ಮೇಲಿಂದ ‘ನೀರ್ ಬಿಡೋ’ ಅಂತ ಕೂಗು ಬರುತ್ತದೆ, ತೆಳ್ಳಗಿದ್ದರೆ ಎಳೆಯುವುದು ಸುಲಭ. ಬಕೆಟ್ ಹಿಡಿದವನು ಅರ್ಧ ಬಕೆಟ್ ಹೆಚ್ಚಿಗೆ ಸುರಿಯುತ್ತಾನೆ. ಆ ನೀರು ಆರಿದ ಜಾಗವೆಲ್ಲ ಸಣ್ಣ ರಂಧ್ರವಾಗಿ ಉಳಿಯುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕಂಬಿ ತುಕ್ಕು ಹಿಡಿದು ಕೆಳಗಿನ ಪದರ ಉದುರುತ್ತದೆ. ಸುಲಭ ಆಗಬೇಕಾದರೆ ಕಾಂಕ್ರೀಟ್ ಅಲುಗಿಸಿ ಕೂರಿಸುವ ವೈಬ್ರೇಟರ್ ಎರಡು ತರಿಸು, ಆಳುಗಳಿಗೆ ಹೊತ್ತಿಗೆ ಸರಿಯಾಗಿ ಊಟ, ನೆರಳು ಕೊಡು. ಮೋಲ್ಡ್ ಕಂಬಿಯ ಕೆಳಗೆ ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಇರಲಿ, ಜಲ್ಲಿಕಲ್ಲು ಸಿಕ್ಕಿಸಲು ಬಿಡಬೇಡ.

ಈಗ ಸಿಗುವುದು ಹೆಚ್ಚಾಗಿ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್. ಅದಕ್ಕೆ ಕನಿಷ್ಠ ಹತ್ತು ದಿನ ಮಡಿ ಕಟ್ಟಿ ನೀರು ನಿಲ್ಲಿಸಬೇಕು. ಬೀಮಿನ ಕೆಳಗಿನ ಆಧಾರವನ್ನು ಹದಿನಾಲ್ಕು ದಿನಕ್ಕೆ ಮೊದಲು ಮುಟ್ಟಲು ಬಿಡಬೇಡ, ಪಿಪಿಸಿ ಆದ್ದರಿಂದ ಇಪ್ಪತ್ತೊಂದು ದಿನ ಕಾದರೆ ನನಗೆ ಸಮಾಧಾನ. ಸೆಂಟ್ರಿಂಗ್‌ನವನು ಬೇರೆ ಕಡೆ ಕೆಲಸ ಹಿಡಿದು ಹಲಗೆ ಕೇಳುತ್ತಾನೆ. ಬಾಡಿಗೆಯ ದಿನಗಳನ್ನು ಮೊದಲೇ ಬರೆಸಿಕೊಂಡಿದ್ದರೆ ಜಗಳ ಇರುವುದಿಲ್ಲ.

ಇ-ಖಾತೆಯ ಪ್ರತಿ, ರಸ್ತೆ ಮಧ್ಯದಿಂದ ನಿನ್ನ ಜಾಗದ ನಾಲ್ಕು ಮೂಲೆಗೆ ಹಿಡಿದ ಮಟ್ಟ, ಚರಂಡಿಯ ತಳದ ಆಳ ಇಷ್ಟನ್ನು ವಾಟ್ಸಾಪ್‌ನಲ್ಲಿ ಕಳಿಸು. ಚರಂಡಿ ನೀರು ಯಾವ ಕಡೆ ಹರಿಯುತ್ತದೆ ಅಂತ ಒಂದು ಬಾಣವನ್ನೂ ಹಾಕು. ಇಳಿಜಾರನ್ನು ಯಾವ ತುದಿಯಿಂದ ಶುರು ಮಾಡಬೇಕು ಅನ್ನುವುದನ್ನು ಅದು ನೋಡಿ ಹೇಳುತ್ತೇನೆ.

ಇಂತಿ ನಿನ್ನ
ಗೆಳೆಯ